ಮೈ ಮುರಿಯುವುದು ಸೋಮಾರಿತನವಲ್ಲ

ಕಳೆದ ಡಿಸೆಂಬರ್‌ನ ಒಂದು ಸಂಜೆ. ಸುಳ್ಯದಿಂದ ಹೊರಟ ಬಸ್ಸು ಸೋಣಂಗೇರಿ, ಐವರ್ನಾಡು ದಾಟಿ ಬೆಳ್ಳಾರೆ ಪೇಟೆಯಲ್ಲಿ ನಿಂತಿತು. ಮಡಿಲಲ್ಲಿದ್ದ ಲ್ಯಾಪ್‌ಟಾಪ್ ಬ್ಯಾಗು ಎತ್ತಿಕೊಂಡು ಸೀಟಿನಿಂದ ಏಳಲು ಹೋದೆ. ಏಳಲಾಗಲಿಲ್ಲ. ಸೊಂಟದ ಎಡಬದಿಗೆ ಯಾರೋ ಕೊಕ್ಕೆ ಹಾಕಿ ಎಳೆದ ಹಾಗಾಯಿತು. ಸೀಟಿನ ಕಂಬಿ ಹಿಡಿದು ಅರ್ಧ ಬಗ್ಗಿದವನು ಹಾಗೆಯೇ ನಿಂತುಬಿಟ್ಟೆ.

"ಎಂತಾಯ್ತು ಮಗಾ?" ಎಂದರು ಹಿಂದಿನ ಸೀಟಿನ ಅಜ್ಜಿಯೊಬ್ಬರು. ಎಪ್ಪತ್ತು ದಾಟಿದ ಆ ಅಜ್ಜಿ ನನಗಿಂತ ಮೊದಲು ಇಳಿದು, ಕೆಳಗೆ ನಿಂತು ನನ್ನ ಬ್ಯಾಗು ಹಿಡಿದುಕೊಂಡರು. ಇಪ್ಪತ್ತು ವರ್ಷದ ನಾನು ಒಂದೊಂದೇ ಮೆಟ್ಟಿಲು ಇಳಿದು ಬಂದೆ. ಆ ದಿನದ ನೋವಿಗಿಂತ ನಾಚಿಕೆಯೇ ಜಾಸ್ತಿ ನೆನಪಿದೆ.

ಮನೆಗೆ ಬಂದು ಜಗಲಿಯಲ್ಲಿ ಗೋಡೆಗೆ ಒರಗಿ ಕುಳಿತಾಗ ಅಪ್ಪ ನಕ್ಕರು. "ಎಂತ ಮಾರಾಯ, ತೋಟಕ್ಕೆ ಹೋಗುವುದು ನಾನು, ಸೊಂಟ ಹಿಡಿಯುವುದು ನಿನಗಾ?" ಅಡಿಕೆ ಕೊಯ್ಲಿನ ಸಮಯ ಅದು. ಅಪ್ಪನೇ ಆಗ ಕುತ್ತಿಗೆ ನೋವಿಗೆ ಎಣ್ಣೆ ಹಚ್ಚಿಕೊಂಡು, ಬಿಸಿನೀರಿನ ಶಾಖ ಕೊಟ್ಟುಕೊಂಡು ಮಲಗುತ್ತಿದ್ದರು. ದೋಟಿ ಹಿಡಿದು ದಿನವಿಡೀ ಮೇಲೆ ನೋಡಿದರೆ ಇನ್ನೇನಾಗುತ್ತದೆ? ಒಂದೇ ಮನೆಯಲ್ಲಿ ಒಬ್ಬರ ಕುತ್ತಿಗೆ ಮೇಲೆ ನೋಡಿ ನೋಯುತ್ತಿತ್ತು, ಇನ್ನೊಬ್ಬನ ಬೆನ್ನು ಕೆಳಗೆ ನೋಡಿ ನೋಯುತ್ತಿತ್ತು.

ಸೆಮಿಸ್ಟರ್ ಪರೀಕ್ಷೆಗೆ ಹನ್ನೆರಡು ದಿನ ಉಳಿದಿತ್ತು. ಮೂರು ಗಂಟೆ ಬೆಂಚಿನಲ್ಲಿ ಕುಳಿತು ಬರೆಯಬೇಕು. ನನಗೆ ಇಪ್ಪತ್ತು ನಿಮಿಷ ಕೂರಲು ಆಗುತ್ತಿರಲಿಲ್ಲ.

ಎಷ್ಟು ಸಲ ಎದ್ದು ನಿಲ್ತೀರಿ?

ಪುತ್ತೂರಿನಲ್ಲಿ ಫಿಸಿಯೋಥೆರಪಿಸ್ಟ್ ಒಬ್ಬರ ಹತ್ತಿರ ಅಮ್ಮ ಕರೆದುಕೊಂಡು ಹೋದರು. ಎಕ್ಸ್‌ರೇ, ಸ್ಕ್ಯಾನಿಂಗ್ ಎಲ್ಲ ಆಗಬಹುದು ಎಂದು ನಾನು ಹೆದರಿದ್ದೆ. ಅವರು ಮೊದಲು ಕೇಳಿದ್ದು ಒಂದೇ ಪ್ರಶ್ನೆ: "ದಿನಕ್ಕೆ ಎಷ್ಟು ಸಲ ಎದ್ದು ನಿಲ್ತೀರಿ?"

ಲೆಕ್ಕ ಹಾಕಿದೆ. ಬಸ್ಸಿನಲ್ಲಿ ಕೂರುವುದು, ಕ್ಲಾಸಿನಲ್ಲಿ ಕೂರುವುದು, ಮನೆಗೆ ಬಂದು ಮಂಚದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುವುದು, ಮಲಗುವ ಮೊದಲು ಮೊಬೈಲು ಹಿಡಿದು ಕೂರುವುದು. ಊಟಕ್ಕೆ, ಬಾತ್‌ರೂಮಿಗೆ ಬಿಟ್ಟರೆ ಏಳುವುದೇ ಇಲ್ಲ. ಪರೀಕ್ಷೆ ಹತ್ತಿರ ಬಂದಾಗ ದಿನಕ್ಕೆ ಹತ್ತು, ಹನ್ನೊಂದು ಗಂಟೆ ಕುಳಿತೇ ಇರುತ್ತಿದ್ದೆ.

ಆಮೇಲೆ ನಿಧಾನವಾಗಿ ಮುಂದಕ್ಕೆ ಬಗ್ಗಲು ಹೇಳಿದರು. ನನ್ನ ಬೆರಳು ಮೊಣಕಾಲಿನಿಂದ ಸ್ವಲ್ಪ ಕೆಳಗೆ ನಿಂತುಹೋಯಿತು. ಪ್ರೈಮರಿ ಶಾಲೆಯಲ್ಲಿ ಡ್ರಿಲ್ ಮಾಡುವಾಗ ಕಾಲಿನ ಬೆರಳು ಮುಟ್ಟುತ್ತಿದ್ದ ಕೈ ಅದು. ಕಾಲಿನ ಬಲ, ಸ್ಪರ್ಶ, ಮೊಣಕಾಲಿನ ರಿಫ್ಲೆಕ್ಸ್ ಎಲ್ಲ ಪರೀಕ್ಷಿಸಿ, "ಹೆದರುವಂಥದ್ದು ಏನೂ ಕಾಣುವುದಿಲ್ಲ. ಸ್ಕ್ಯಾನಿಂಗ್ ಬೇಡ. ಮಲಗಿಕೊಂಡೇ ಇರಬೇಡಿ, ನಡೆಯಿರಿ. ಈ ನಾಲ್ಕು ಸ್ಟ್ರೆಚಿಂಗ್ ಮಾಡಿ" ಎಂದರು. ನನಗೆ ಸ್ವಲ್ಪ ನಿರಾಸೆಯೇ ಆಯಿತು. ಇಷ್ಟು ನೋವಿಗೆ ಬರೀ ಮೈ ಮುರಿಯುವುದು ಮದ್ದಾ?

ನಮ್ಮ ಅಜ್ಜಿ ಇದ್ದಾಗ ದೀಪ ಹಚ್ಚುವ ಹೊತ್ತಿಗೆ ಮೈ ಮುರಿದರೆ ಬೈಯುತ್ತಿದ್ದರು. ಮೈ ಮುರಿಯುವುದು ಸೋಮಾರಿಗಳ ಲಕ್ಷಣ ಎಂದೇ ಅವರ ಲೆಕ್ಕ. ನಿದ್ದೆಯಿಂದೆದ್ದ ಬೆಕ್ಕು, ನಾಯಿ ಮುಂಗಾಲು ಚಾಚಿ ಬೆನ್ನು ಎಳೆಯುವುದನ್ನು ನೋಡಿ ಮಾತ್ರ ನಗುತ್ತಿದ್ದರು. ಸ್ಟ್ರೆಚಿಂಗ್ ಎಂದರೆ ಅದೇ. ಮಡಚಿಕೊಂಡಿದ್ದ ಸ್ನಾಯುವನ್ನು ನಿಧಾನವಾಗಿ ಚಾಚಿ, ಸ್ವಲ್ಪ ಹೊತ್ತು ಹಿಡಿದು, ಬಿಡುವುದು.

ಎಂಜಿನಿಯರಿಂಗ್ ಲೆಕ್ಕದಲ್ಲಿ ಬೆನ್ನು

ಎಂಜಿನಿಯರಿಂಗ್ ಓದುವವರಿಗೆ ಒಂದು ಚಟ. ಯಾವುದನ್ನೂ ಲೆಕ್ಕ ಹಾಕದೆ ನಂಬುವುದಿಲ್ಲ. ತಲೆಯ ತೂಕ ಸುಮಾರು 5 ಕಿಲೋ. ನೇರವಾಗಿ ಕುಳಿತರೆ ಆ ತೂಕ ಬೆನ್ನುಮೂಳೆಯ ಮೇಲೆ ನೆಟ್ಟಗೆ ಬೀಳುತ್ತದೆ. ತಲೆ ಮುಂದಕ್ಕೆ ಬಾಗಿದಂತೆಲ್ಲ ಅದೇ ತೂಕ ಕುತ್ತಿಗೆಯಿಂದ ದೂರ ಹೋಗುತ್ತದೆ. ತುಂಬಿದ ಕೊಡವನ್ನು ಎದೆಗೆ ಒತ್ತಿ ಹಿಡಿಯುವುದಕ್ಕೂ ಕೈ ಮುಂದೆ ಚಾಚಿ ಹಿಡಿಯುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿರುವುದು. ತಲೆ ಬೀಳದಂತೆ ಹಿಂದಿನಿಂದ ಎಳೆದು ಹಿಡಿಯುವ ಕೆಲಸ ಕುತ್ತಿಗೆಯ ಸ್ನಾಯುಗಳದ್ದು.

ಅಮೆರಿಕದ ಬೆನ್ನುಮೂಳೆ ಶಸ್ತ್ರಚಿಕಿತ್ಸಕ ಕೆನೆತ್ ಹನ್ಸ್‌ರಾಜ್ 2014ರಲ್ಲಿ ಈ ಲೆಕ್ಕವನ್ನು ಕಂಪ್ಯೂಟರ್ ಮಾದರಿಯಲ್ಲಿ ಮಾಡಿ ಪ್ರಕಟಿಸಿದರು. ತಲೆ 60 ಡಿಗ್ರಿ ಬಾಗಿದಾಗ ಕುತ್ತಿಗೆಯ ಮೇಲಿನ ಹೊರೆ ಸುಮಾರು 27 ಕಿಲೋಗೆ ಸಮ ಎಂಬುದು ಅವರ ಉತ್ತರ. ಇದು ಮಾದರಿಯ ಲೆಕ್ಕ. ಮೊಬೈಲು ನೋಡುವ ಎಲ್ಲರಿಗೂ ಕುತ್ತಿಗೆ ನೋಯುತ್ತದೆ ಎಂದು ಇದರ ಅರ್ಥವಲ್ಲ. ನಮ್ಮ ಕುತ್ತಿಗೆ ಗಟ್ಟಿಯಾದದ್ದೇ. ಆದರೆ ಅರ್ಧ ಚೀಲ ಅಕ್ಕಿಯಷ್ಟು ಹೊರೆಯನ್ನು ಅಲ್ಲಾಡದೆ ಗಂಟೆಗಟ್ಟಲೆ ಹಿಡಿದುಕೊಂಡರೆ ಯಾವ ಸ್ನಾಯುವಾದರೂ ದಣಿಯುತ್ತದೆ.

ಕುಳಿತಾಗ ಇನ್ನೊಂದು ಕಡೆಯೂ ಬಿಗಿಯಾಗುತ್ತದೆ. ತೊಡೆಯ ಮುಂಭಾಗದಿಂದ ಸೊಂಟಕ್ಕೆ ಹೋಗುವ ಸ್ನಾಯು ಮಡಚಿಕೊಂಡೇ ಇರುತ್ತದೆ. ತೊಡೆಯ ಹಿಂಭಾಗದ, ಆಟಗಾರರು ಹ್ಯಾಮ್‌ಸ್ಟ್ರಿಂಗ್ ಎನ್ನುವ ಸ್ನಾಯು ಪೂರ್ತಿ ಚಾಚಿಕೊಳ್ಳುವ ಸಂದರ್ಭವೇ ಬರುವುದಿಲ್ಲ. ಎದ್ದು ಬಗ್ಗುವಾಗ ಕಾಲಿನ ಸ್ನಾಯು ಬಿಟ್ಟುಕೊಡದಿದ್ದರೆ ಆ ಬಾಗುವಿಕೆಯನ್ನೆಲ್ಲ ಸೊಂಟವೇ ಮಾಡಬೇಕಾಗುತ್ತದೆ.

ಚಾಚಿದಾಗ ಒಳಗೆ ಏನಾಗುತ್ತದೆ?

ಸ್ನಾಯುವಿನ ಒಳಗೆ ಸಣ್ಣ ಸೆನ್ಸರ್‌ಗಳಿವೆ. ಮಸಲ್ ಸ್ಪಿಂಡಲ್ ಎಂದು ಅವುಗಳ ಹೆಸರು. ಸ್ನಾಯು ಒಮ್ಮೆಲೇ ಎಳೆಯಲ್ಪಟ್ಟರೆ ಅವು ಬೆನ್ನುಹುರಿಗೆ ಸುದ್ದಿ ಕಳುಹಿಸುತ್ತವೆ, ಸ್ನಾಯು ತಕ್ಷಣ ಬಿಗಿಯಾಗುತ್ತದೆ. ಡಾಕ್ಟರು ಮೊಣಕಾಲಿಗೆ ಸಣ್ಣ ಸುತ್ತಿಗೆಯಿಂದ ತಟ್ಟಿದಾಗ ಕಾಲು ತಾನಾಗಿ ಚಿಮ್ಮುವುದು ಇದರಿಂದಲೇ. ಆದ್ದರಿಂದ ಕೆಲವರು ಮಾಡುವ ಹಾಗೆ ಜಗ್ಗಿ ಜಗ್ಗಿ ಕಾಲಿನ ಬೆರಳು ಮುಟ್ಟಲು ಹೋದರೆ ನಾವು ಎಳೆಯುವುದು ಒಂದು ಕಡೆಗೆ, ಸ್ನಾಯು ಎಳೆಯುವುದು ಇನ್ನೊಂದು ಕಡೆಗೆ. ನಿಧಾನವಾಗಿ ಚಾಚಿ, ಉಸಿರು ಬಿಡುತ್ತಾ ಹಿಡಿದರೆ ಆ ಬಿಗಿತ ತಾನಾಗಿ ಇಳಿಯುತ್ತದೆ.

ಮೆಟೀರಿಯಲ್ಸ್ ಓದಿದವರಿಗೆ ಇನ್ನೊಂದು ವಿಷಯ ಹೊಳೆಯಬಹುದು. ಸ್ನಾಯು, ಅದರ ತುದಿಯ ಸ್ನಾಯುರಜ್ಜು ಉಕ್ಕಿನ ತಂತಿಯ ಹಾಗಲ್ಲ, ನಮ್ಮ ಊರಿನ ರಬ್ಬರ್ ಶೀಟಿನ ಹಾಗೆ. ಎಳೆದು ಒಂದೇ ಉದ್ದದಲ್ಲಿ ಹಿಡಿದರೆ ಸ್ವಲ್ಪ ಹೊತ್ತಿನಲ್ಲಿ ಒಳಗಿನ ಎಳೆತ ಕಡಿಮೆಯಾಗುತ್ತದೆ. ಕೈಬಿಟ್ಟರೆ ಮತ್ತೆ ಮೊದಲಿನ ಹಾಗೆ. ಅಂದರೆ ಒಂದು ದಿನದ ಸ್ಟ್ರೆಚಿಂಗ್‌ನ ಫಲ ಆ ದಿನವೇ ಮುಗಿಯುತ್ತದೆ.

ಹಾಗಾದರೆ ವಾರಗಟ್ಟಲೆ ಮಾಡಿದವರು ಹೆಚ್ಚು ಬಗ್ಗುವುದು ಹೇಗೆ? ಸ್ನಾಯು ಉದ್ದವಾಯಿತು ಎಂದು ನಾನು ತಿಳಿದಿದ್ದೆ. ವೆಪ್ಲರ್ ಮತ್ತು ಮ್ಯಾಗ್ನುಸನ್ ಎಂಬ ಸಂಶೋಧಕರು 2010ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟಿಗೆ ನೋಡಿ ಬೇರೆಯೇ ಮಾತು ಹೇಳಿದರು. ಕೆಲವು ವಾರಗಳ ಅಭ್ಯಾಸದಲ್ಲಿ ಮುಖ್ಯವಾಗಿ ಬದಲಾಗುವುದು ಸಂವೇದನೆ. ಮೊದಲು ಅಪಾಯ ಎಂದು ನರಮಂಡಲ ಕೂಗಿಕೊಳ್ಳುತ್ತಿದ್ದ ಜಾಗದಲ್ಲಿ ಈಗ ಅದು ಸುಮ್ಮನಿರುತ್ತದೆ. ಇದನ್ನು ಓದಿದಾಗ ನನಗೆ ಸಮಾಧಾನವಾಯಿತು. ದೇಹವನ್ನು ಬಲವಂತದಿಂದ ಎಳೆಯಬೇಕಾಗಿಲ್ಲ, ಅದಕ್ಕೆ ಅಭ್ಯಾಸ ಮಾಡಿಸಿದರೆ ಸಾಕು. ಅಭ್ಯಾಸ ಎಂದ ಮೇಲೆ ದಿನವೂ ಬೇಕು.

ಅಣ್ಣನ ಓಟ

ಸ್ಟ್ರೆಚಿಂಗ್ ಒಳ್ಳೆಯದು ಎಂದು ಬರೆದು ಮುಗಿಸಬಹುದಿತ್ತು. ಆದರೆ ನಮ್ಮ ಮನೆಯಲ್ಲೇ ಇದರ ಇನ್ನೊಂದು ಮುಖವನ್ನೂ ನೋಡಿದ್ದೇನೆ.

ನನ್ನ ದೊಡ್ಡಮ್ಮನ ಮಗ, ನಾನು ಅಣ್ಣ ಎಂದು ಕರೆಯುವವನು, ಡಿಗ್ರಿ ಮುಗಿಸಿ ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗೆ ತಯಾರಿ ನಡೆಸಿದ್ದ. ಲಿಖಿತ ಪರೀಕ್ಷೆ ಪಾಸಾಯಿತು. ಮುಂದಿನದು ದೈಹಿಕ ಪರೀಕ್ಷೆ. ಪುರುಷ ಅಭ್ಯರ್ಥಿಗಳು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ ಓಡಬೇಕು. ಊರಿನ ಶಾಲೆಯ ಮೈದಾನದಲ್ಲಿ ಬೆಳಗ್ಗೆ ಐದೂವರೆಗೆ ಎದ್ದು ಓಡಿ ಓಡಿ ಅವನು ಆರು ನಿಮಿಷದ ಹತ್ತಿರ ಬಂದಿದ್ದ. ಕೆಲಸ ಸಿಕ್ಕಿತೆಂದೇ ಮನೆಯವರೆಲ್ಲ ಅಂದುಕೊಂಡಿದ್ದೆವು.

ಪರೀಕ್ಷೆಯ ದಿನ ಅವನ ಸರದಿ ಬರುವಾಗ ಹೊತ್ತಾಗಿತ್ತು. ಅಷ್ಟೂ ಹೊತ್ತು ನೆಲದಲ್ಲಿ ಕುಳಿತಿದ್ದ. ಹೆಸರು ಕರೆದಾಗ ಗಡಿಬಿಡಿಯಲ್ಲಿ ಎದ್ದು, ಕಾಲು ನೇರ ಇಟ್ಟು, ಜಗ್ಗಿ ಜಗ್ಗಿ ಬೆರಳು ಮುಟ್ಟಿ, ಒಂದು ಕಾಲನ್ನು ಎತ್ತರಕ್ಕೆ ಇಟ್ಟು ನೋವಾಗುವಷ್ಟು ಎಳೆದು, ಹೋಗಿ ಗೆರೆಯಲ್ಲಿ ನಿಂತ. ಮೂರನೇ ಸುತ್ತಿನಲ್ಲಿ ತೊಡೆಯ ಹಿಂದೆ ಟಕ್ ಎಂದಿತಂತೆ. ಕುಂಟುತ್ತಾ ಮುಗಿಸಿದ. ಸಮಯ ಮೀರಿತ್ತು. ಅದರಲ್ಲಿ ಯಾರ ತಪ್ಪೂ ಇಲ್ಲ. ಸ್ನಾಯು ಹರಿಯಲು ಸ್ಟ್ರೆಚಿಂಗೇ ಕಾರಣ ಎಂದೂ ಖಚಿತವಾಗಿ ಹೇಳಲಾಗದು. ಆದರೆ ಅಷ್ಟು ಹೊತ್ತು ಕುಳಿತು ತಣ್ಣಗಾದ ಕಾಲಿಗೆ ಬೇಕಾಗಿದ್ದದ್ದು ಆ ಎಳೆತವಲ್ಲ ಎಂದು ಈಗ ಅವನಿಗೂ ಗೊತ್ತು, ನನಗೂ ಗೊತ್ತು.

ಈ ಬಗ್ಗೆ ಓದುತ್ತಾ ಹೋದಾಗ ಒಂದು ದೊಡ್ಡ ಅಧ್ಯಯನ ಸಿಕ್ಕಿತು. ಆಸ್ಟ್ರೇಲಿಯಾದ ಸೇನೆಗೆ ಹೊಸದಾಗಿ ಸೇರಿದ 1538 ಯುವಕರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾತ್ರ ವ್ಯಾಯಾಮಕ್ಕೆ ಮೊದಲು ಸ್ಟ್ರೆಚಿಂಗ್ ಮಾಡಿಸಿದರು. 2000ದಲ್ಲಿ ಫಲಿತಾಂಶ ಪ್ರಕಟವಾಯಿತು. ಕಾಲಿಗೆ ಆದ ಗಾಯಗಳಲ್ಲಿ ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಓಡುವ ಮೊದಲು ಒಂದೇ ಸ್ನಾಯುವನ್ನು 60 ಸೆಕೆಂಡಿಗಿಂತ ಹೆಚ್ಚು ಹೊತ್ತು ಚಾಚಿ ಹಿಡಿದರೆ ಅದರ ಬಲ ಸ್ವಲ್ಪ ಹೊತ್ತು ಕಡಿಮೆಯಾಗುತ್ತದೆ ಎಂದೂ ಬೇರೆ ಅಧ್ಯಯನಗಳು ತೋರಿಸಿವೆ. ಓಟದಲ್ಲಿ ನಮಗೆ ಬೇಕಾದದ್ದು ಬಲವೇ ತಾನೆ?

ಮೈಕೈ ನೋವಿನ ವಿಷಯವೂ ಹಾಗೆಯೇ. ಹೊಸದಾಗಿ ಕಬಡ್ಡಿ ಆಡಿದ ಮಾರನೇ ದಿನ ಮೈಯೆಲ್ಲ ನೋಯುತ್ತದಲ್ಲ, ಸ್ಟ್ರೆಚಿಂಗ್ ಮಾಡಿದರೆ ಅದು ಬರುವುದಿಲ್ಲ ಎಂದು ಹೇಳುವವರಿದ್ದಾರೆ. 2011ರ ಕಾಕ್ರೇನ್ ವಿಮರ್ಶೆ ಹನ್ನೆರಡು ಅಧ್ಯಯನಗಳನ್ನು ಜೋಡಿಸಿ ನೋಡಿತು. ಮಾರನೇ ದಿನದ ನೋವು ಕಡಿಮೆಯಾದದ್ದು 100 ಅಂಕಗಳ ಅಳತೆಯಲ್ಲಿ ಸರಾಸರಿ ಒಂದು ಅಂಕದಷ್ಟು ಮಾತ್ರ. ಅಂದರೆ ಇಲ್ಲವೆಂದೇ ಹೇಳಬಹುದು.

ಹಾಗಾದರೆ ಮಾಡುವುದು ಯಾಕೆ?

ನನಗೂ ಇದೇ ಪ್ರಶ್ನೆ ಬಂತು. ಉತ್ತರ ಸಿಕ್ಕಿದ್ದು 2011ರ ಇನ್ನೊಂದು ಅಧ್ಯಯನದಲ್ಲಿ. ಅಮೆರಿಕದಲ್ಲಿ ಬಹಳ ಕಾಲದಿಂದ ಸೊಂಟನೋವು ಇದ್ದ 228 ಮಂದಿಯನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ 12 ವಾರ ಯೋಗ ತರಗತಿ, ಇನ್ನೊಂದಕ್ಕೆ 12 ವಾರ ಸ್ಟ್ರೆಚಿಂಗ್ ತರಗತಿ, ಮೂರನೆಯವರಿಗೆ ಬೆನ್ನುನೋವಿನ ಬಗ್ಗೆ ಒಂದು ಪುಸ್ತಕ. ಪುಸ್ತಕ ಪಡೆದವರಿಗಿಂತ ಯೋಗ ಮಾಡಿದವರಿಗೆ ಹೆಚ್ಚು ಗುಣವಾಯಿತು. ಸ್ಟ್ರೆಚಿಂಗ್ ಮಾಡಿದವರಿಗೆ ಯೋಗದವರಷ್ಟೇ ಗುಣವಾಯಿತು. ಪುಸ್ತಕ ಓದಿದ್ದರಿಂದ ಸೊಂಟ ಸರಿಯಾಗುವುದಿಲ್ಲ ಎಂಬುದು ನಮ್ಮಂಥ ವಿದ್ಯಾರ್ಥಿಗಳಿಗೆ ಬೇರೆ ರೀತಿಯಲ್ಲೂ ಪಾಠವೇ.

ನನಗೆ ಅರ್ಥವಾದದ್ದನ್ನು ಹೀಗೆ ಹೇಳಬಹುದು. ಸ್ಟ್ರೆಚಿಂಗ್‌ನಿಂದ ಕೀಲುಗಳ ಚಲನೆ ಹೆಚ್ಚುತ್ತದೆ. ಕುಳಿತು ಬಿಗಿಯಾದ ಮೈ ಸಡಿಲವಾಗುತ್ತದೆ. ಎಷ್ಟೋ ಜನರ ಸೊಂಟ, ಕುತ್ತಿಗೆಯ ನೋವು ಇಳಿಯುತ್ತದೆ. ಓದಿನ ನಡುವೆ ಉಸಿರು ನಿಧಾನವಾಗಿ, ಮನಸ್ಸು ತಿಳಿಯಾಗುತ್ತದೆ. ಆದರೆ ಓಡುವ ಮೊದಲಿನ ವಾರ್ಮ್‌ಅಪ್‌ಗೆ ಅದು ಬದಲಿಯಲ್ಲ. ನಡಿಗೆಗೆ, ಆಟಕ್ಕೆ, ಮೈಯ ಬಲ ಹೆಚ್ಚಿಸುವ ವ್ಯಾಯಾಮಕ್ಕೂ ಬದಲಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಯಸ್ಕರಿಗೆ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ವೇಗದ ದೈಹಿಕ ಚಟುವಟಿಕೆ, ಎರಡು ದಿನವಾದರೂ ಸ್ನಾಯುಬಲದ ವ್ಯಾಯಾಮ, ಮತ್ತು ಕುಳಿತಿರುವ ಹೊತ್ತನ್ನು ಕಡಿಮೆ ಮಾಡುವುದು. ಸ್ಟ್ರೆಚಿಂಗ್ ಇದರ ಜೊತೆಗೆ ಇರಬೇಕಾದದ್ದು.

ಮೈಸೂರಿನ ಪಾಠ

ಈ ವಿದ್ಯೆಯಲ್ಲಿ ಕರ್ನಾಟಕಕ್ಕೆ ಇರುವ ಹೆಸರು ಸಣ್ಣದಲ್ಲ. ಚಿತ್ರದುರ್ಗ ಜಿಲ್ಲೆಯಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1930ರ ದಶಕದಲ್ಲಿ ಮೈಸೂರಿನಲ್ಲಿ ಯೋಗಶಾಲೆ ನಡೆಸಿದರು. ಅವರ 'ಯೋಗ ಮಕರಂದ' 1934ರಲ್ಲಿ ಪ್ರಕಟವಾದದ್ದು ಕನ್ನಡದಲ್ಲಿ. ಇಂದು ಜಗತ್ತಿನಾದ್ಯಂತ ಕಲಿಸುವ ಆಸನಗಳ ದೊಡ್ಡ ಪಾಲು ಆ ಶಾಲೆಯ ಶಿಷ್ಯರಿಂದ ಹರಡಿದ್ದು.

ಅವರಲ್ಲಿ ಒಬ್ಬರು ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್. ಬಾಲ್ಯದಲ್ಲಿ ಮಲೇರಿಯಾ, ಟೈಫಾಯ್ಡ್, ಕ್ಷಯ ಎಂದು ಒಂದರ ಹಿಂದೆ ಒಂದು ಕಾಯಿಲೆ. ಮೈಸೂರಿಗೆ ಬಂದಾಗ ಅವರ ಮೈ ಬಗ್ಗುತ್ತಲೇ ಇರಲಿಲ್ಲ. ಎಳೆಯ ವಯಸ್ಸಿನಲ್ಲಿ ಪ್ರದರ್ಶನವೊಂದರಲ್ಲಿ ಸರಿಯಾಗಿ ಕಲಿಯದ ಹನುಮಾನಾಸನವನ್ನು, ಅಂದರೆ ಕಾಲುಗಳನ್ನು ಹಿಂದೆ ಮುಂದೆ ಪೂರ್ತಿ ಚಾಚಿ ಕೂರುವ ಆಸನವನ್ನು ಮಾಡಲು ಹೋಗಿ ತೊಡೆಯ ಹಿಂಭಾಗದ ಸ್ನಾಯು ಹರಿದುಕೊಂಡರು. ಸರಿಹೋಗಲು ಬಹಳ ಕಾಲ ಬೇಕಾಯಿತು. ಮುಂದೆ ಪುಣೆಯಲ್ಲಿ ಕಲಿಸುವಾಗ ಬೆಲ್ಟು, ಮರದ ತುಂಡು, ಹಗ್ಗ, ಕುರ್ಚಿಗಳನ್ನು ಬಳಸಿ, ಯಾರ ಮೈ ಎಷ್ಟು ಬಗ್ಗುತ್ತದೋ ಅಷ್ಟರಿಂದಲೇ ಶುರುಮಾಡುವ ಪದ್ಧತಿಯನ್ನು ಬೆಳೆಸಿದರು. ಕೈ ಕಾಲಿಗೆ ತಲುಪದಿದ್ದರೆ ಪಾದಕ್ಕೆ ಬೆಲ್ಟು ಹಾಕಿ ಹಿಡಿದುಕೊಂಡರಾಯಿತು. ನಮ್ಮಲ್ಲಿ ಅದನ್ನು ಬೈರಾಸಿನಿಂದಲೂ ಮಾಡಬಹುದು. ನಾನು ಮಾಡಿದ್ದು ಹಾಗೆಯೇ.

ನಾನು ಮಾಡುತ್ತಿರುವುದು

ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ ಹೇಳುವುದು ಇಷ್ಟು: ವಾರಕ್ಕೆ ಕನಿಷ್ಠ ಎರಡು ಮೂರು ದಿನ, ಆದರೆ ದಿನವೂ ಮಾಡಿದರೆ ಹೆಚ್ಚು ಒಳ್ಳೆಯದು. ಪ್ರತಿ ಸಲ 10ರಿಂದ 30 ಸೆಕೆಂಡ್ ಹಿಡಿಯಬೇಕು. ಒಂದೊಂದು ಸ್ನಾಯುವಿಗೂ ಒಟ್ಟು 60 ಸೆಕೆಂಡ್ ಆಗುವಷ್ಟು ಮಾಡಬೇಕು. ಎಳೆತ ಗೊತ್ತಾಗಬೇಕು, ನೋವಾಗಬಾರದು. ನನಗೆ ಹೇಳಿಕೊಟ್ಟ ನಾಲ್ಕಕ್ಕೆ ದಿನಕ್ಕೆ ಹತ್ತು ನಿಮಿಷ ಸಾಕು.

ಒಂದನೆಯದು, ಅಂಗಾತ ಮಲಗಿ ಒಂದು ಪಾದಕ್ಕೆ ಬೈರಾಸು ಹಾಕಿ, ಮೊಣಕಾಲು ಆದಷ್ಟು ನೇರವಾಗಿಟ್ಟು ಕಾಲನ್ನು ಮೇಲಕ್ಕೆ ತರುವುದು. ತೊಡೆಯ ಹಿಂಭಾಗ ಚಾಚಿಕೊಳ್ಳುತ್ತದೆ. ಎರಡನೆಯದು, ಒಂದು ಮೊಣಕಾಲನ್ನು ನೆಲಕ್ಕೂರಿ, ಇನ್ನೊಂದು ಪಾದವನ್ನು ಮುಂದಿಟ್ಟು ಸೊಂಟವನ್ನು ಮೆಲ್ಲನೆ ಮುಂದೆ ತಳ್ಳುವುದು. ಇದು ಕುಳಿತು ಮಡಚಿಕೊಂಡ ಸ್ನಾಯುವಿಗೆ. ಮೂರನೆಯದು, ಬಾಗಿಲಿನ ದಾರಂದಕ್ಕೆ ಎರಡೂ ಮುಂಗೈ ಒತ್ತಿ ಒಂದು ಹೆಜ್ಜೆ ಮುಂದಿಡುವುದು. ಕೂನಾಗಿದ್ದ ಎದೆ, ಭುಜ ತೆರೆದುಕೊಳ್ಳುತ್ತದೆ. ನಾಲ್ಕನೆಯದು ಕುತ್ತಿಗೆಗೆ. ನೇರ ಕುಳಿತು ಕಿವಿಯನ್ನು ಭುಜದ ಕಡೆಗೆ ಬಾಗಿಸುವುದು, ಮತ್ತೆ ಗಲ್ಲವನ್ನು ಹಿಂದಕ್ಕೆ ಒಳತಳ್ಳುವುದು. ಕೈಯಿಂದ ತಲೆಯನ್ನು ಜಗ್ಗಬಾರದು.

ಇದಕ್ಕಿಂತಲೂ ಹೆಚ್ಚು ಉಪಯೋಗವಾದದ್ದು ಮೊಬೈಲಿನ ಅಲಾರಂ. ಓದುವಾಗ ನಲವತ್ತು ನಿಮಿಷಕ್ಕೊಮ್ಮೆ ಅದು ಕೂಗುತ್ತದೆ. ಎದ್ದು, ಕೈ ಎರಡೂ ಮೇಲೆ ಚಾಚಿ, ಬಾವಿಕಟ್ಟೆವರೆಗೆ ಹೋಗಿ ಬರುತ್ತೇನೆ. ಲೈಬ್ರರಿಯಲ್ಲಿ ಕುಳಿತು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ನೀರಿನ ಬಾಟಲಿಯನ್ನು ಮೇಜಿನ ಮೇಲೆ ಇಡುವ ಬದಲು ಹೊರಗೆ ಇಟ್ಟರೂ ಸಾಕು, ಏಳಲೇಬೇಕಾಗುತ್ತದೆ.

ಓಟ, ದೈಹಿಕ ಪರೀಕ್ಷೆಗೆ ಹೋಗುವವರಿಗೆ ಕ್ರಮ ಬೇರೆ. ಮೊದಲು ಐದು ನಿಮಿಷ ನಡಿಗೆ, ನಿಧಾನ ಓಟ. ಮೈ ಬಿಸಿಯಾದ ಮೇಲೆ ಚಲಿಸುತ್ತಲೇ ಮಾಡುವ ಸ್ಟ್ರೆಚಿಂಗ್: ಕಾಲನ್ನು ಹಿಂದೆ ಮುಂದೆ ಬೀಸುವುದು, ಮೊಣಕಾಲು ಎತ್ತಿ ಹೆಜ್ಜೆ ಹಾಕುವುದು, ಉದ್ದ ಹೆಜ್ಜೆಯಿಟ್ಟು ಬಗ್ಗುವುದು, ಕೊನೆಗೆ ಎರಡು ಮೂರು ಸಣ್ಣ ವೇಗದ ಓಟ. ಸರದಿ ತಡವಾದರೆ ಕೂರಬೇಡಿ, ಅಲ್ಲೇ ಓಡಾಡುತ್ತಿರಿ. ಚಾಚಿ ಹಿಡಿಯುವ ಸ್ಟ್ರೆಚಿಂಗ್ ಓಟ ಮುಗಿದ ಮೇಲೆ. ತೆಂಕುತಿಟ್ಟಿನ ಯಕ್ಷಗಾನ ಕಲಿಯುವ ನನ್ನ ಗೆಳೆಯನೊಬ್ಬ ಚೌಕಿಯಲ್ಲಿ ಹೊತ್ತುಗಟ್ಟಲೆ ಕುಳಿತು ಬಣ್ಣ ಹಚ್ಚಿಕೊಂಡ ಮೇಲೆ, ರಂಗಸ್ಥಳಕ್ಕೆ ಹೋಗುವ ಮೊದಲು ಅಲ್ಲೇ ಬದಿಯಲ್ಲಿ ನಾಲ್ಕು ಹೆಜ್ಜೆ ಕುಣಿದು ನೋಡಿಕೊಳ್ಳುತ್ತಾನೆ. ಧೀಂಗಿಣ ಹಾಕುವವನಿಗೆ ಅದು ಬೇಕೇ ಬೇಕು ಎನ್ನುತ್ತಾನೆ. ಅವನು ಯಾವ ಅಧ್ಯಯನವನ್ನೂ ಓದಿಲ್ಲ.

ಒಂದು ಎಚ್ಚರಿಕೆ. ನಾನು ವೈದ್ಯನಲ್ಲ. ನೋವು ಸೊಂಟದಿಂದ ಕಾಲಿಗೆ ಇಳಿದರೆ, ಕಾಲು ಜೋಮು ಹಿಡಿದರೆ ಅಥವಾ ಬಲ ಕಡಿಮೆಯಾದರೆ, ನೋವಿನ ಜೊತೆ ಜ್ವರ ಇದ್ದರೆ, ಬಿದ್ದ ಮೇಲೆ ನೋವು ಶುರುವಾದರೆ ಸ್ಟ್ರೆಚಿಂಗ್ ಮಾಡುತ್ತಾ ದಿನ ದೂಡಬೇಡಿ. ಮೂತ್ರ, ಮಲದ ಹಿಡಿತ ತಪ್ಪಿದರೆ ಅಥವಾ ತೊಡೆಗಳ ನಡುವೆ ಸ್ಪರ್ಶ ಗೊತ್ತಾಗದಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಹಳೆಯ ಗಾಯ ಇರುವವರು, ಶಸ್ತ್ರಚಿಕಿತ್ಸೆ ಆದವರು ಕೇಳಿಕೊಂಡೇ ಶುರುಮಾಡಿ. ವಿಡಿಯೊ ನೋಡಿ ಮೊದಲ ದಿನವೇ ಕಾಲನ್ನು ತಲೆಗೆ ತಾಗಿಸಲು ಹೋಗಬೇಡಿ.

ನಾಲ್ಕು ತಿಂಗಳ ನಂತರ

ಪರೀಕ್ಷೆ ಬರೆದೆ. ಮೊದಲ ಪೇಪರಿನ ದಿನ ನೋವು ಇತ್ತು, ಎರಡು ಸಲ ಮೇಲ್ವಿಚಾರಕರನ್ನು ಕೇಳಿ ಎದ್ದು ನಿಂತು ಬಂದೆ. ಕೊನೆಯ ಪೇಪರಿಗೆ ಅದು ಬೇಕಾಗಲಿಲ್ಲ. ಆಮೇಲೆ ಎರಡು ಸಲ ಸೊಂಟ ಮತ್ತೆ ಹಿಡಿದಿದೆ. ಎರಡೂ ಸಲ ನಾನು ವಾರಗಟ್ಟಲೆ ಸ್ಟ್ರೆಚಿಂಗ್ ಬಿಟ್ಟಿದ್ದೆ, ಪ್ರಾಜೆಕ್ಟ್ ಎಂದು ರಾತ್ರಿ ಎರಡರವರೆಗೆ ಕುಳಿತಿದ್ದೆ. ಈಗ ಬಗ್ಗಿದರೆ ಬೆರಳು ಪಾದದ ಗಂಟು ಮುಟ್ಟುತ್ತದೆ. ನೆಲಕ್ಕೆ ಇನ್ನೂ ಒಂದು ಗೇಣು ಬಾಕಿ.

ಅಣ್ಣನ ಕಾಲು ವಾಸಿಯಾಗಿದೆ. ಮುಂದಿನ ನೇಮಕಾತಿಗೆ ಕಾಯುತ್ತಾ ಮತ್ತೆ ಓಡುತ್ತಿದ್ದಾನೆ. ಬೆಳಗ್ಗೆ ಅವನ ಜೊತೆ ಶಾಲೆಯ ಮೈದಾನಕ್ಕೆ ನಾನೂ ಹೋಗುತ್ತೇನೆ. ಅವನು ನಾಲ್ಕು ಸುತ್ತು ಓಡುವಾಗ ನನ್ನದು ಎರಡು ಮುಗಿದಿರುತ್ತದೆ. ಓಡಿದ ಮೇಲೆ ಇಬ್ಬರೂ ಹುಲ್ಲಿನಲ್ಲಿ ಕುಳಿತು ಕಾಲು ಚಾಚುತ್ತೇವೆ.

ಅಪ್ಪ ಮಾತ್ರ ಸುಲಭಕ್ಕೆ ಒಪ್ಪಲಿಲ್ಲ. "ತೋಟದಲ್ಲಿ ಕೆಲಸ ಮಾಡುವವನಿಗೆ ಬೇರೆ ವ್ಯಾಯಾಮ ಎಂತಕ್ಕೆ?" ಎಂದರು. ಕೆಲಸ ಮೈಗೆಲ್ಲ ಆಗುತ್ತದೆ ನಿಜ, ಆದರೆ ಕುತ್ತಿಗೆ ಒಂದೇ ಕಡೆಗೆ ಬಾಗಿರುತ್ತದೆ ಎಂದು ನಾನು ದೋಟಿ ಹಿಡಿದು ತೋರಿಸಿದೆ. ರಬ್ಬರ್ ಟ್ಯಾಪಿಂಗ್ ಮಾಡುವವರು ನೂರಾರು ಮರಕ್ಕೆ ಬಗ್ಗುತ್ತಾರೆ, ಅಡಿಕೆ ಸುಲಿಯುವವರು ಕೂತಲ್ಲಿಯೇ ಮುಂದೆ ಬಾಗಿರುತ್ತಾರೆ. ದುಡಿಮೆ ಇದ್ದರೂ ಒಂದೇ ಭಂಗಿ ಒಂದೇ ಭಂಗಿಯೇ. ಅಪ್ಪ ಆಗ ಏನೂ ಹೇಳಲಿಲ್ಲ.

ಮೊನ್ನೆ ಕೊನೆಯ ಕೊಯ್ಲಿಗೆ ನಾನೂ ತೋಟಕ್ಕೆ ಹೋಗಿದ್ದೆ. ಹತ್ತು ಹದಿನೈದು ಗೊನೆ ಇಳಿಸಿದ ಮೇಲೆ ಅಪ್ಪ ದೋಟಿಯನ್ನು ಮರಕ್ಕೆ ಒರಗಿಸಿ, ಗಲ್ಲವನ್ನು ಎದೆಯ ಕಡೆಗೆ ತಂದು, ಭುಜ ಎರಡನ್ನೂ ಹಿಂದಕ್ಕೆ ತಿರುಗಿಸಿ ಸ್ವಲ್ಪ ಹೊತ್ತು ನಿಂತರು. ನಾನು ನೋಡುತ್ತಿರುವುದು ಗೊತ್ತಾಗಿ, "ಎಂತ ನೋಡುವುದು? ಆ ಗೊನೆ ಹೆಕ್ಕು" ಎಂದರು. ಬಗ್ಗಿ ಹೆಕ್ಕಿದೆ. ಸೊಂಟ ಏನೂ ಹೇಳಲಿಲ್ಲ.